ನಿಜಲಿಂಗಪ್ಪನವರ ಕಡತಗಳಲ್ಲಿ ‘ಪ್ರೆಸಿಡೆಂಟ್’ ಎಂದರೆ ಯಾರು?

ಎಸ್. ನಿಜಲಿಂಗಪ್ಪ (1902–2000) ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷರು, ಎರಡು ಬಾರಿ ಮೈಸೂರು ರಾಜ್ಯದ ಮುಖ್ಯಮಂತ್ರಿ. ಚಿತ್ರದುರ್ಗದವರಿಗೆ ಇದನ್ನು ಹೇಳಬೇಕಿಲ್ಲ, ಸೀಬಾರದ ಸ್ಮಾರಕ ಹೆದ್ದಾರಿ ಪಕ್ಕದಲ್ಲೇ ಇದೆ.

ಅವರ ದಾಖಲೆ ಹುಡುಕುವವರಿಗೆ ಮೊದಲ ಮಾತು, ಪಕ್ಷದ ಕಾಗದಪತ್ರ ಸರ್ಕಾರದ ಕಡತವಲ್ಲ. ಹಾಗಾಗಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ದಾಖಲೆ ಬೇಕಾದರೆ ದೆಹಲಿಯ ತೀನ್ ಮೂರ್ತಿ ಗ್ರಂಥಾಲಯ (ಮೊದಲು ನೆಹರೂ ಹೆಸರಿನಲ್ಲಿತ್ತು, 2023ರಿಂದ ಪ್ರಧಾನಮಂತ್ರಿಗಳ ಹೆಸರಿನಲ್ಲಿದೆ). ಕೇಂದ್ರ ಸರ್ಕಾರದ್ದು ರಾಷ್ಟ್ರೀಯ ಅಭಿಲೇಖಾಲಯದಲ್ಲಿ, ಅದರ ಸೂಚಿ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ. ರಾಜ್ಯದ್ದು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ.

ಎಡವುವುದು 1969ರ ಕಾಗದಗಳಲ್ಲಿ. ಕನ್ನಡದಲ್ಲಿ ರಾಷ್ಟ್ರಪತಿ ಬೇರೆ, ಅಧ್ಯಕ್ಷ ಬೇರೆ. ಇಂಗ್ಲಿಷ್ ಸೂಚಿಯಲ್ಲಿ ಇಬ್ಬರೂ ‘ಪ್ರೆಸಿಡೆಂಟ್’. ಆ ವರ್ಷವಂತೂ ರಾಷ್ಟ್ರಪತಿ ಕುರ್ಚಿಯೇ ಕೈ ಬದಲಿಸುತ್ತಿತ್ತು. ಮೇ 3ರವರೆಗೆ ಜಾಕಿರ್ ಹುಸೇನ್. ಅವರು ತೀರಿಕೊಂಡ ಮೇಲೆ ಜುಲೈ 20ರವರೆಗೆ ಹಂಗಾಮಿಯಾಗಿ ವಿ.ವಿ. ಗಿರಿ. ಚುನಾವಣೆಗೆ ನಿಲ್ಲಲು ಗಿರಿ ರಾಜೀನಾಮೆ ಕೊಟ್ಟಾಗ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹಂಗಾಮಿ. ಆಗಸ್ಟ್ 24ರಿಂದ ಮತ್ತೆ ಗಿರಿ, ಈಗ ಗೆದ್ದು ಬಂದವರಾಗಿ. ಇಷ್ಟೂ ಹೊತ್ತು ಕಾಂಗ್ರೆಸ್ ‘ಪ್ರೆಸಿಡೆಂಟ್’ ನಿಜಲಿಂಗಪ್ಪನವರೇ, ಅದೂ ಗಿರಿಯ ಎದುರಾಳಿ ಸಂಜೀವರೆಡ್ಡಿಯವರನ್ನು ಪಕ್ಷದ ಅಭ್ಯರ್ಥಿಯಾಗಿ ನಿಲ್ಲಿಸಿದ್ದವರು. ಒಂದೇ ಕಾಗದದಲ್ಲಿ ಎರಡೂ ಅರ್ಥ ಬರುವುದು ಅದಕ್ಕೇ. ಕಡತದ ಶೀರ್ಷಿಕೆ ನಂಬಬೇಡಿ. ಕಾಗದದ ತಾರೀಕು, ಯಾರಿಗೆ ಬರೆದದ್ದು, ಸಹಿ ಯಾರದು, ಈ ಮೂರನ್ನೂ ಟಿಪ್ಪಣಿ ಚೀಟಿಯ ತಲೆಯಲ್ಲೇ ಬರೆದುಕೊಂಡು ಆಮೇಲೆ ಓದಿ.

ಅದೇ ವರ್ಷದ ನವೆಂಬರ್ 12ಕ್ಕೆ ಕಾಂಗ್ರೆಸ್ಸಿನಿಂದ ಇಂದಿರಾ ಗಾಂಧಿಯವರ ಉಚ್ಚಾಟನೆ. ಅಲ್ಲಿಂದ ಮುಂದೆ ‘ಕಾಂಗ್ರೆಸ್ ಪ್ರೆಸಿಡೆಂಟ್’ ಎಂಬ ಪೂರ್ತಿ ಮಾತೂ ಸಾಲದು, ಏಕೆಂದರೆ ಎರಡು ಕಾಂಗ್ರೆಸ್, ಎರಡು ಅಧ್ಯಕ್ಷಗಿರಿ. ಇಲ್ಲೊಂದು ಒಳದಾರಿ ಇದೆ, ವಿಳಾಸ ನೋಡಿ. 7, ಜಂತರ್ ಮಂತರ್ ರಸ್ತೆಯ ಕಚೇರಿ ಒಡಕಿನ ನಂತರ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲೇ ಉಳಿಯಿತು. ಹಳೆಯ ಲೆಟರ್‌ಹೆಡ್ ಯಾರ ಮೇಜಿನಲ್ಲಾದರೂ ಉಳಿದಿರಬಹುದು, ಸಹಿಯ ಜೊತೆ ತಾಳೆ ನೋಡಿದ ಮೇಲೇ ತೀರ್ಮಾನ.

1968ರ ಜನವರಿಯಿಂದ ಮೇ ಕೊನೆಯವರೆಗೆ ನಿಜಲಿಂಗಪ್ಪನವರು ಮುಖ್ಯಮಂತ್ರಿಯೂ ಹೌದು, ಕಾಂಗ್ರೆಸ್ ಅಧ್ಯಕ್ಷರೂ ಹೌದು. ಈ ಐದು ತಿಂಗಳಿಗೆ ಬೆಂಗಳೂರು, ದೆಹಲಿ ಎರಡೂ ಕಡೆ ಹುಡುಕಬೇಕು.

ಊರಿನ ಹೆಸರುಗಳದು ಇನ್ನೊಂದು ಪೇಚು. ಹಳೆಯ ಇಂಗ್ಲಿಷ್ ಕಡತಗಳಲ್ಲಿ ಚಿತ್ರದುರ್ಗ ‘ಚಿತಲ್‌ಡ್ರೂಗ್’, ಅದರ ಕಾಗುಣಿತವೂ ಒಂದೇ ಥರ ಇರದು. ದಾವಣಗೆರೆಗೆ 1997ರ ಮುಂಚಿನ ಜಿಲ್ಲಾ ಕಡತವೇ ಇಲ್ಲ, ಚಿತ್ರದುರ್ಗದ ಅಡಿಯಲ್ಲಿ ನೋಡಿ. ಅವರು ಹುಟ್ಟಿದ ಹಲುವಾಗಲು ಹರಪನಹಳ್ಳಿ ತಾಲ್ಲೂಕಿನದು. 1953ರವರೆಗೆ ಅದು ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ, 1997ರಿಂದ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ. ಊರಿನ ಹಳೆಯ ಕಂದಾಯ ಕಾಗದ ಮೈಸೂರು ಸಂಸ್ಥಾನದ ದಾಖಲೆಯಲ್ಲಿ ಸಿಗದಿರುವುದು ಇದಕ್ಕೇ, ಅದಕ್ಕೆ ಚೆನ್ನೈನ ಪತ್ರಾಗಾರದ ಸೂಚಿ ತೆರೆಯಬೇಕು. ಸಂವಿಧಾನ ಸಭೆಯ ಸದಸ್ಯರ ಪಟ್ಟಿಯಲ್ಲೂ ಮೈಸೂರಿನ ಕೆಳಗೆ ಹುಡುಕಿ ‘ಹೆಸರೇ ಇಲ್ಲ’ ಎನ್ನಬೇಡಿ, ಅವರಿರುವುದು ಬಾಂಬೆ ಪ್ರಾಂತ್ಯದ ಕೆಳಗೆ.