ನೀರು ಸರಿದರೂ ಸರಿಯದ ದಡ

ಕ್ಯಾಸ್ಪಿಯನ್ ಸಮುದ್ರವೋ ಸರೋವರವೋ ಎಂಬ ಜಗಳ ಬರೀ ಹೆಸರಿನದಲ್ಲ. ಸಮುದ್ರವಾದರೆ ಕಡಲ ಕಾನೂನಿನಂತೆ ಹಂಚಿಕೆ, ಸರೋವರವಾದರೆ ಬೇರೆ ಲೆಕ್ಕ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸುತ್ತಲಿನ ರಷ್ಯಾ, ಕಜಾಕಿಸ್ತಾನ, ತುರ್ಕಮೆನಿಸ್ತಾನ, ಇರಾನ್, ಅಜರ್‌ಬೈಜಾನ್‌ಗಳು ಎರಡು ದಶಕಕ್ಕೂ ಹೆಚ್ಚು ಕಾಲ ಇದನ್ನು ಎಳೆದಾಡಿ, 2018ರ ಆಗಸ್ಟ್ 12ರಂದು ಕಜಾಕಿಸ್ತಾನದ ಅಕ್ತಾವ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ದಡದಿಂದ 15 ನಾಟಿಕಲ್ ಮೈಲಿ, ಅಂದರೆ ಸುಮಾರು 28 ಕಿ.ಮೀ. ತನಕ ಆಯಾ ದೇಶದ ಜಲಪ್ರದೇಶ; ಆಚೆ ಇನ್ನೂ 10 ಮೈಲಿ ಮೀನುಗಾರಿಕೆಗೆ; ತಳದ ಎಣ್ಣೆ, ಅನಿಲವನ್ನು ಅಕ್ಕಪಕ್ಕದವರು ಮಾತಾಡಿಕೊಂಡು ಹಂಚಿಕೊಳ್ಳಬೇಕು.

ಆದರೆ ದಡ ಎಲ್ಲಿದೆ? ಕ್ಯಾಸ್ಪಿಯನ್‌ಗೆ ಹೊರದಾರಿಯಿಲ್ಲ. ಒಳಬರುವ ನದಿನೀರಿನಲ್ಲಿ ಸುಮಾರು ಶೇ. 80 ವೋಲ್ಗಾದ್ದು, ಬಂದದ್ದು ಬಹುಪಾಲು ಆವಿಯಾಗಿಯೇ ಹೋಗಬೇಕು. ಒಳಹರಿವು, ಆವಿ ಎರಡರಲ್ಲಿ ಯಾವುದು ಏರುಪೇರಾದರೂ ಮಟ್ಟ ಅಲುಗುತ್ತದೆ. 1970ರ ದಶಕದ ಕೊನೆಯಿಂದ 1995ರವರೆಗೆ ಅದು ಎರಡು ಮೀಟರಿಗೂ ಹೆಚ್ಚು ಏರಿ ಊರುಗಳನ್ನು ಮುಳುಗಿಸಿತು. ಆಮೇಲೆ ಇಳಿಯುತ್ತ ಬಂದಿದೆ. ಬಿಸಿ ಹೆಚ್ಚಿದಂತೆ ಆವಿಯಾಗುವುದೂ ಹೆಚ್ಚಿರುವುದು ಇದರ ದೊಡ್ಡ ಕಾರಣ.

ಅದಕ್ಕೇ ಅಕ್ತಾವ್ ಒಪ್ಪಂದದ ಮೊದಲ ವಿಧಿಯಲ್ಲೇ ಒಂದು ಜಾಣ ಉಪಾಯವಿದೆ: ಅಳತೆಗೆ ಹಿಡಿಯುವ ದಡ ಇವತ್ತಿನ ನೀರಂಚಲ್ಲ, ಬಾಲ್ಟಿಕ್ ಸಮುದ್ರದ ಮಟ್ಟ ಅಳೆಯುವ ರಷ್ಯಾದ ಕ್ರೋನ್‌ಸ್ಟಾಟ್ ಮಾಪಕದ ಸೊನ್ನೆಗಿಂತ 28.0 ಮೀಟರ್ ಕೆಳಗಿನ ಗೆರೆ. ನೀರು ಏರಿಳಿದರೂ ಗಡಿ ಕದಲದು. ಗಡಿ ಪ್ರತಿವರ್ಷ ಓಡಾಡಿದರೆ ಎಣ್ಣೆಬಾವಿ ಯಾರದೆಂಬ ತಕರಾರು ಮುಗಿಯುವುದೇ ಇಲ್ಲವಾದ್ದರಿಂದ ಇದು ಸರಿಯಾದ ಆಯ್ಕೆಯೇ.

ತೊಡಕು ಇರುವುದು ನೆಲದ ಇಳಿಜಾರಿನಲ್ಲಿ. ನೀರಿನ ಮಟ್ಟ ಈಗ ಅದೇ ಸೊನ್ನೆಗಿಂತ 29 ಮೀಟರಿಗೂ ಕೆಳಗಿದೆ. ದಕ್ಷಿಣದಲ್ಲಿ ಸಾವಿರ ಮೀಟರ್ ಆಳವಿರುವ ಕಡೆ ಇದು ದೊಡ್ಡ ಸಂಗತಿಯಲ್ಲ. ಸರಾಸರಿ ಐದಾರು ಮೀಟರಷ್ಟೇ ಆಳವಿರುವ ಉತ್ತರದಲ್ಲಿ ಮಾತ್ರ ಒಂದು ಮೀಟರ್ ಇಳಿದರೆ ನೀರಂಚು ಎಷ್ಟೋ ಕಿಲೋಮೀಟರ್ ಹಿಂದೆ ಸರಿಯುತ್ತದೆ. ಕಾಗದದ ಜಲಪ್ರದೇಶ ಅಲ್ಲಿ ಒಣನೆಲದಿಂದಲೇ ಶುರುವಾಗುತ್ತದೆ. ಬಂದರುಗಳಲ್ಲಿ ಹೂಳೆತ್ತದೆ ಹಡಗು ಬರದು. ಅಕ್ತಾವ್ ನಗರವೇ 2023ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತು.

ನೀರಿನ ಮಟ್ಟದ ಮಾತು ಇನ್ನೊಂದು ಒಪ್ಪಂದದಲ್ಲಿದೆ. 2003ರಲ್ಲಿ ಸಹಿಯಾಗಿ 2006ರಲ್ಲಿ ಜಾರಿಗೆ ಬಂದ ತೆಹ್ರಾನ್ ಪರಿಸರ ಒಪ್ಪಂದದ 16ನೇ ವಿಧಿ, ಮಟ್ಟದ ಏರಿಳಿತದ ಪರಿಣಾಮ ತಗ್ಗಿಸಲು ಸಹಕರಿಸಿ ಎನ್ನುತ್ತದೆ. ಅದರಡಿ ಎಣ್ಣೆ ಸೋರಿಕೆ, ನೆಲದಿಂದ ಬರುವ ಕೊಳೆ, ಜೀವವೈವಿಧ್ಯ, ಯೋಜನೆಗಳ ಪರಿಸರ ಪರಿಣಾಮ ಎಂದು ನಾಲ್ಕು ಉಪಒಪ್ಪಂದಗಳಾದವು. ಮಟ್ಟದ್ದು ಆಗಿಲ್ಲ. ಆಗಬೇಕಾದರೆ ವೋಲ್ಗಾದ ಅಣೆಕಟ್ಟುಗಳಿಂದ ಯಾವಾಗ ಎಷ್ಟು ನೀರು ಬಿಡಬೇಕೆಂಬುದೂ ಮೇಜಿಗೆ ಬರಬೇಕು. ಆ ನದಿ ಹೆಚ್ಚುಕಡಿಮೆ ಪೂರ್ತಿ ಹರಿಯುವುದು ರಷ್ಯಾದೊಳಗೇ.