ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ

ಹಳೆಯ ಗಾಡಿಯಲ್ಲಿ ತಲೆ ಸವೆದ ಬೋಲ್ಟು, ಅರ್ಧಕ್ಕೆ ತುಂಡಾದ ಸ್ಟಡ್ಡು (ತಲೆಯಿಲ್ಲದ ಬೋಲ್ಟು) ಕಂಡರೆ ನಾನು ಮೊದಲು ಕೇಳುವುದು ಒಂದೇ. "ಎಣ್ಣೆ ಹಾಕಿದ್ರಾ?" ಎಲ್ಲರೂ ಹೌದು ಎನ್ನುತ್ತಾರೆ. "ಹಾಕಿ ಎಷ್ಟು ಹೊತ್ತು ಬಿಟ್ರಿ?" ಐದು ನಿಮಿಷ. ಹೆಚ್ಚೆಂದರೆ ಹತ್ತು. ಆಮೇಲೆ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆದಿರುತ್ತಾರೆ. ಮನೆಯಲ್ಲಿ ರಿಪೇರಿ ಮಾಡುವವರಷ್ಟೇ ಅಲ್ಲ, ಎಷ್ಟೋ ಗ್ಯಾರೇಜುಗಳಲ್ಲೂ ಹೀಗೇ ನಡೆಯುತ್ತದೆ. ಇದನ್ನು ನೋಡಿ ನೋಡಿ ಬೇಜಾರಾಗಿಯೇ ಈ ಸಲ ಬೇರೆ ಎಲ್ಲ ಬಿಟ್ಟು ಇದೊಂದೇ ವಿಷಯ ಬರೆಯುತ್ತಿದ್ದೇನೆ.

ನಮ್ಮದು ಕರಾವಳಿ. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಹೊರಗೆ ನಿಲ್ಲುವ ಗಾಡಿಯ ಅಡಿಭಾಗಕ್ಕೂ ಪುತ್ತೂರು, ಸುಳ್ಯದಲ್ಲಿ ಓಡಿದ ಅದೇ ವಯಸ್ಸಿನ ಗಾಡಿಗೂ ಬಹಳ ವ್ಯತ್ಯಾಸ ಉಂಟು. ಉಪ್ಪಿನ ಗಾಳಿ ವರ್ಷವಿಡೀ ಇರುತ್ತದೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಎಲ್ಲಕ್ಕಿಂತ ಕಷ್ಟ ದಕ್ಕೆಯಿಂದ ಮೀನು ಸಾಗಿಸುವ ಪಿಕಪ್‌ಗಳದ್ದು. ಐಸ್ ಕರಗಿದ ಉಪ್ಪುನೀರು ಹಲಗೆಯ ಸಂದಿಯಿಂದ ಚಾಸಿಸ್ ಮೇಲೆ ಇಳಿಯುತ್ತಲೇ ಇರುತ್ತದೆ. ಅಂಥ ಗಾಡಿಯ ಲೀಫ್ ಸ್ಪ್ರಿಂಗಿನ ಯು ಬೋಲ್ಟಿನಲ್ಲಿ ತ್ರೆಡ್ (ನಟ್ಟು ತಿರುಗುವ ಸುರುಳಿ ಗೆರೆ) ಎಲ್ಲಿ, ನಟ್ಟು ಎಲ್ಲಿ ಎಂದೇ ಗೊತ್ತಾಗುವುದಿಲ್ಲ.

ತುಕ್ಕು ಎಂದರೆ ಕಬ್ಬಿಣ ಸವೆದು ಹೋಗುವುದು ಎಂದಷ್ಟೇ ಜನ ತಿಳಿದುಕೊಂಡಿದ್ದಾರೆ. ಸವೆದರೆ ಬೋಲ್ಟು ಸಡಿಲ ಆಗಬೇಕಿತ್ತು ಅಲ್ವಾ? ಆಗುವುದು ಉಲ್ಟಾ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ತ್ರೆಡ್ಡಿನ ಸಂದಿಯಲ್ಲಿ ಆ ಜಾಗ ಇಲ್ಲ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಂಡ ಹಾಗೆ ತುಕ್ಕು ಒಳಗೇ ಉಬ್ಬಿ ನಟ್ಟನ್ನೂ ಬೋಲ್ಟನ್ನೂ ಬಿಗಿಯಾಗಿ ಹಿಡಿಯುತ್ತದೆ. ಹೀಗೆ ಗಟ್ಟಿಯಾದ ಸಂದಿಯೊಳಗೆ ಎಣ್ಣೆ ತಾನಾಗಿಯೇ ಹರಿದು ಹೋಗುವುದಿಲ್ಲ. ತುಕ್ಕಿನ ಸಣ್ಣ ಸಣ್ಣ ಬಿರುಕುಗಳನ್ನು ಹುಡುಕಿಕೊಂಡು ನಿಧಾನಕ್ಕೆ ಇಳಿಯಬೇಕು. ಐದು ನಿಮಿಷದಲ್ಲಿ ಅದು ನಟ್ಟಿನ ಮೊದಲ ಒಂದೆರಡು ಸುತ್ತು ದಾಟಿದರೆ ಹೆಚ್ಚು. ನೀವು ಪೈಪ್ ಹಾಕಿ ಎಳೆಯುವಾಗ ಮೇಲ್ಗಡೆ ಒದ್ದೆ ಇರುತ್ತದೆ, ಒಳಗೆಲ್ಲ ಒಣಗಿಯೇ ಇರುತ್ತದೆ.

"ಡಬ್ಲ್ಯೂಡಿ-40 ಸ್ಪ್ರೇ ಹೊಡೆದಿದ್ದೇನಲ್ಲ" ಎನ್ನುವವರಿಗೆ ಒಂದು ಮಾತು. ಅದು ಒಳ್ಳೆಯ ವಸ್ತುವೇ. ಆದರೆ 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದು ಲೋಹದ ಮೇಲಿನ ನೀರನ್ನು ತಳ್ಳಿ ತುಕ್ಕು ಬಾರದಂತೆ ತಡೆಯುವುದಕ್ಕೆ. ಜಾಮ್ ಆದ ತ್ರೆಡ್ಡಿಗೆಂದೇ ಇಳಿಯುವ ಎಣ್ಣೆಯನ್ನು ಅದೇ ಕಂಪನಿ ಈಗ ಬೇರೆಯಾಗಿ ಮಾರುತ್ತದೆ. ಅದೂ ಸಿಗದಿದ್ದರೆ ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ ಹಾಕುವವರಿದ್ದಾರೆ. ಕೆಲಸ ಆಗುತ್ತದೆ. ಆದರೆ ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಪೇಂಟು, ರಬ್ಬರಿಗೂ ಆಗುವುದಿಲ್ಲ. ಯಾವ ಎಣ್ಣೆಯಾದರೂ ಸಮಯ ಮಾತ್ರ ಕೊಡಲೇಬೇಕು.

ನಾನು ಮಾಡುವುದು ಹೀಗೆ. ಮೊದಲು ಹೊರಗೆ ಕಾಣುವ ತ್ರೆಡ್ಡನ್ನು ವೈರ್ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ನಟ್ಟು ಆ ಮಣ್ಣು, ತುಕ್ಕಿನ ಮೇಲೆಯೇ ಹತ್ತಿ ಬಂದು ಮತ್ತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಣ್ಣೆ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರ ನಾಲ್ಕು ಪೆಟ್ಟು, ಜೋರಾಗಿ ಬೇಡ. ಆ ಅದುರುವಿಕೆಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಆಗುತ್ತದೆ. ಸಂಜೆ ಇನ್ನೊಮ್ಮೆ ಎಣ್ಣೆ ಹಾಕಿ ಮನೆಗೆ ಹೋಗಿ. ಬೆಳಿಗ್ಗೆ ಬಂದು ಬಿಚ್ಚುವ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ ನೋಡಿ. ಹೌದು, ಬಿಗಿ ಮಾಡಿ. ತುಕ್ಕಿನ ಹಿಡಿತ ತಪ್ಪಿಸಲು ಯಾವ ಕಡೆಗೆ ತಿರುಗಿದರೂ ಸಾಕು. ಆಮೇಲೆ ಕಾಲು ಸುತ್ತು ಸಡಿಲ, ಅರ್ಧದಷ್ಟು ವಾಪಸ್, ಮತ್ತೆ ಎಣ್ಣೆ, ಮತ್ತೆ ಸಡಿಲ.

ಈ ಹೊತ್ತಿನಲ್ಲಿ ಕಿವಿ, ಕೈ ಎರಡೂ ಅಲ್ಲೇ ಇರಬೇಕು. ಬೋಲ್ಟು ಬಿಡುವಾಗ ಒಂದು 'ಟಕ್' ಬರುತ್ತದೆ, ಆಮೇಲೆ 'ಕಿರ್' ಎನ್ನುತ್ತಾ ತಿರುಗುತ್ತದೆ. ಅದು ಒಳ್ಳೆಯ ಶಬ್ದ. ಶಬ್ದವೇ ಇಲ್ಲದೆ ತಲೆ ಮೆತ್ತಗೆ, ಎಳೆದಷ್ಟೂ ಬರುತ್ತಿದ್ದರೆ ಖುಷಿಪಡಬೇಡಿ. ಬೋಲ್ಟು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಇನ್ನು ಸ್ವಲ್ಪ ಎಳೆದರೆ ತುಂಡು. ಅಲ್ಲೇ ನಿಲ್ಲಿಸಬೇಕು. ಪೈಪ್ ಹಾಕಿದರೆ ಈ ವ್ಯತ್ಯಾಸ ಕೈಗೆ ಗೊತ್ತೇ ಆಗುವುದಿಲ್ಲ. ನಾನು ಪೈಪ್ ಬೇಡ ಎನ್ನುವುದು ಅದಕ್ಕೇ. ಅದರಲ್ಲೂ ಬ್ರೇಕ್ ಕ್ಯಾಲಿಪರಿನಿಂದ ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂ ಒಳಗೆ ಪೊಳ್ಳು. ಅದರ ಹತ್ತಿರ ಪೈಪ್ ತರಲೇಬೇಡಿ.

ಕಟಪಾಡಿಯ ಒಬ್ಬ ಹುಡುಗ ಅಜ್ಜನ ಅಂಬಾಸಿಡರ್ ತಾನೇ ಸರಿ ಮಾಡಬೇಕೆಂದು ಹೊರಟ. ನನಗೆ ಅಂಥವರನ್ನು ಕಂಡರೆ ಪ್ರೀತಿ. ಎಂಜಿನ್ ಹೆಡ್ಡಿಗೆ ಕೂರುವ ಮ್ಯಾನಿಫೋಲ್ಡಿನ ನಟ್ಟಿಗೆ ಎಣ್ಣೆ ಹೊಡೆದು, ಕೂಡಲೇ 13ರ ಸ್ಪ್ಯಾನರ್ ಹಾಕಿ ಪೈಪ್ ಸಿಕ್ಕಿಸಿದ. ಆ ನಟ್ಟು ಅರ್ಧ ಇಂಚಿನದ್ದು, ಅಂದರೆ 12.7 ಮಿಲಿಮೀಟರ್. ಸ್ಪ್ಯಾನರ್ ಕೂರುತ್ತದೆ, ಆದರೆ 0.3 ಮಿಲಿಮೀಟರ್ ಆಟ ಇರುತ್ತದೆ. ಹೊಸ ನಟ್ಟಾದರೆ ನಡೆದೀತು, ತುಕ್ಕು ತಿಂದ ನಟ್ಟಿನ ಮೂಲೆ ಅಷ್ಟರಲ್ಲೇ ಹಾರಿಹೋಗುತ್ತದೆ. ಹಾರಿತು. ಇಕ್ಕಳದಲ್ಲಿ ತಿರುವಿದಾಗ ಸ್ಟಡ್ಡು ತುಂಡಾಯಿತು. ತೂತು ಕೊರೆದು, ಮುರಿದ ತುಂಡನ್ನು ತಿರುಗಿಸಿ ತೆಗೆಯುವ ಈಜಿ ಔಟ್ ಹಾಕಿದ, ಅದೂ ಒಳಗೇ ಮುರಿಯಿತು. ಅದು ಬಹಳ ಗಡಸು ಉಕ್ಕು, ಮಾಮೂಲಿ ಡ್ರಿಲ್ಲಿನ ಬಿಟ್ ಅದರ ಮೇಲೆ ಜಾರುತ್ತದೆ. ಕೊನೆಗೆ ಹೆಡ್ ಇಳಿಸಿ, ಬೈಕಂಪಾಡಿ ಕಡೆಯ ಮೆಷಿನ್ ಶಾಪಿನಲ್ಲಿ ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು) ಮಾಡಿಸಿ ತೆಗೆಸಿದೆವು. "ಅಣ್ಣ, ಒಂದು ನಟ್ಟಿಗೆ ಇಷ್ಟೆಲ್ಲಾ ಉಂಟಾ?" ಎಂದ. ಅವನ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ.

ಸ್ಟಡ್ಡು ತುಂಡಾದ ಕೂಡಲೇ ಅವನು ಕೈ ಬಿಟ್ಟಿದ್ದರೆ ಸುಲಭವಿತ್ತು. ಉಳಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡುತ್ತೇವೆ. ಹಿಡಿಯಲು ತಲೆಯೂ ಸಿಗುತ್ತದೆ, ವೆಲ್ಡಿಂಗಿನ ಬಿಸಿಗೆ ತುಕ್ಕೂ ಬಿಡುತ್ತದೆ. ತುಂಡಾಗದ ಬೋಲ್ಟಿಗೂ ಬಿಸಿ ಒಳ್ಳೆಯದೇ, ಆದರೆ ಬಿಸಿ ಮಾಡಬೇಕಾದ್ದು ಸುತ್ತಲಿನ ನಟ್ಟನ್ನು. ಅದು ಹಿಗ್ಗಿದರೆ ಹಿಡಿತ ಸಡಿಲ ಆಗುತ್ತದೆ. ಬಿಸಿ ಇರುವಾಗಲೇ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ತ್ರೆಡ್ಡಿನೊಳಗೆ ಎಳೆದುಕೊಳ್ಳುತ್ತದೆ. ಆದರೆ ಪೆಟ್ರೋಲ್ ಪೈಪು, ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್ ಇರುವ ಕಡೆ ಬೆಂಕಿ ಬೇಡವೇ ಬೇಡ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗವನ್ನು ಕಾಯಿಸಿದರೆ ವಿಷದ ಹೊಗೆ ಬರುತ್ತದೆ. ಅಭ್ಯಾಸ ಇಲ್ಲದವರು ಬಿಸಿಯ ಕೆಲಸವನ್ನು ಗ್ಯಾರೇಜಿಗೇ ಬಿಡಿ.

ಇನ್ನೊಂದು. ಹಳೆಯ ವಿಲ್ಲಿಸ್ ಜೀಪಿನ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ತ್ರೆಡ್. ಮಾಮೂಲಿ ದಿಕ್ಕಿಗೆ ಬಿಚ್ಚಲು ಹೋದರೆ, ಎಷ್ಟು ಎಣ್ಣೆ ಹಾಕಿದರೂ ನೀವು ಬಿಗಿಯೇ ಮಾಡುತ್ತಿರುತ್ತೀರಿ.

"ಅದೆಂತ ಮಾರಾಯ್ರೆ, ಒಂದು ಬೋಲ್ಟಿಗೆ ಒಂದು ದಿನವಾ?" ಎಂದು ಗಿರಾಕಿಗಳು ಸಿಟ್ಟಾಗುತ್ತಾರೆ. ನನಗೆ ಅರ್ಥ ಆಗುತ್ತದೆ, ಗಾಡಿ ನಿಂತರೆ ದುಡಿಮೆಯೂ ನಿಲ್ಲುತ್ತದೆ. ಹಾಗಾಗಿ ಹಳೆಯ ಗಾಡಿಯ ಸೈಲೆನ್ಸರ್ ಅಥವಾ ಸಸ್ಪೆನ್ಷನ್ ಕೆಲಸ ಇದ್ದರೆ ಮೊದಲೇ ಫೋನ್ ಮಾಡಿ. ಯಾವ ಬೋಲ್ಟುಗಳು ಎಂದು ನಾವೇ ಹೇಳುತ್ತೇವೆ. ಹಿಂದಿನ ಸಂಜೆ ಗಾಡಿ ತಣ್ಣಗಿರುವಾಗ, ಡಿಸ್ಕಿಗೂ ಬ್ರೇಕ್ ಪ್ಯಾಡಿಗೂ ತಾಗದಂತೆ ಬಟ್ಟೆ ಅಡ್ಡ ಹಿಡಿದು, ನೀವೇ ಎಣ್ಣೆ ಬಿಟ್ಟುಕೊಂಡು ಬನ್ನಿ. ಸ್ಪ್ಯಾನರ್ ಮಾತ್ರ ಹಾಕಬೇಡಿ.