ಸೈಡ್‌ಟ್ರ್ಯಾಕ್ ಅಪ್ರೈಸಲ್ ಬಾವಿ: ಕೊರೆದ ಬಾವಿಯೊಳಗಿಂದ ಇನ್ನೊಂದು ದಾರಿ

ಅರಸೀಕೆರೆ ಹತ್ತಿರ ತೆಂಗಿನ ತೋಟ ಇಟ್ಟುಕೊಂಡಿರುವ ನಮ್ಮ ಸೋದರಮಾವ ಪೇಪರು ಹಿಡಿದು ಕೇಳಿದರು: “ಸಮುದ್ರದಲ್ಲಿ ಎಣ್ಣೆ ಸಿಕ್ತು ಅಂತಾನೂ ಬರ್ದವ್ರೆ, ಸೈಡ್‌ಟ್ರ್ಯಾಕ್ ಮಾಡಿದ್ರು ಅಂತಾನೂ ಬರ್ದವ್ರೆ. ಸಿಕ್ಕಿದ್ದನ್ನ ಯಾಕೋ ಮೂಲೆಗೆ ತಳ್ಳಿದ್ರು?”

ಆಫೀಸುಗಳಲ್ಲಿ ಆ ಪದಕ್ಕೆ ಅದೇ ಅರ್ಥ. ತೈಲಬಾವಿಯವರಲ್ಲಿ ಬೇರೆ: ಕೊರೆದ ಬಾವಿಯ ನಡುವಿನಿಂದ ಓರೆಯಾಗಿ ಇನ್ನೊಂದು ದಾರಿ ಕೊರೆಯುವುದು.

ಅಪ್ರೈಸಲ್ ಅಂದರೆ ಅಳತೆ. ಶೋಧದ ಬಾವಿ ‘ಇದೆ’ ಎಂದಷ್ಟೇ ಹೇಳುತ್ತದೆ. 1974ರಲ್ಲಿ ಸಾಗರ್ ಸಮ್ರಾಟ್ ಎಂಬ ರಿಗ್ (ಸಮುದ್ರದಲ್ಲಿ ನಿಂತು ಬಾವಿ ಕೊರೆಯುವ ಯಂತ್ರ) ಕೊರೆದ ಬಾವಿ ಮುಂಬೈ ಆಚೆಯ ಕಡಲಿನ ಬಾಂಬೆ ಹೈ ತೈಲಕ್ಷೇತ್ರದ ಬಗ್ಗೆ ಹೇಳಿದ್ದೂ ಅಷ್ಟೇ. ಎಷ್ಟಿದೆ, ಎಲ್ಲಿಯವರೆಗೆ ಹಬ್ಬಿದೆ ಎಂಬುದಕ್ಕೆ ಇನ್ನೂ ಕೊರೆಯಬೇಕು. ತೈಲ ನೆಲದಡಿ ಕೆರೆಯಂತೆ ನಿಂತಿರುವುದಿಲ್ಲ. ಸೇರಿನ ತುಂಬ ರಾಗಿ ಹಾಕಿ ನೀರು ಹೊಯ್ದರೆ ಅದು ಕಾಳಿನ ಸಂದಿಗೆ ಇಳಿಯುತ್ತದಲ್ಲ, ಹಾಗೆ ಮರಳುಗಲ್ಲು, ಸುಣ್ಣಕಲ್ಲುಗಳ ಸಂದಿಯಲ್ಲಿ ಸೇರಿಕೊಂಡಿರುತ್ತದೆ. ಗ್ಯಾಸ್ ಇದ್ದರೆ ಮೇಲೆ, ತೈಲ ನಡುವೆ, ಉಪ್ಪುನೀರು ಕೆಳಗೆ. ಆ ನೀರು ಎಷ್ಟು ಆಳದಲ್ಲಿ ಶುರುವಾಗುತ್ತದೆ ಎಂದು ಗೊತ್ತಾದರೇ ಲೆಕ್ಕ ಕೂರುವುದು. ಹಾಗಾಗಿ ಅಪ್ರೈಸಲ್ ಬಾವಿಯಲ್ಲಿ ನೀರು ಬಂದರೂ ದುಡ್ಡು ಮುಳುಗಿತು ಅನ್ನುವಂತಿಲ್ಲ. ಎಲ್ಲೆಕಲ್ಲು ಸಿಕ್ಕಿತು ಅನ್ನಬೇಕು.

ಅದಕ್ಕಾಗಿ ಸಮುದ್ರದ ತಳದಿಂದ ಹೊಸ ಬಾವಿ ಶುರುಮಾಡಬಹುದು. ಆದರೆ ಅಲ್ಲಿ ರಿಗ್ಗಿನ ಬಾಡಿಗೆ ದಿನದ ಲೆಕ್ಕದಲ್ಲಿ ಓಡುತ್ತಿರುತ್ತದೆ. ಮೇಲಿನ ಭಾಗಕ್ಕೆ ಕೇಸಿಂಗ್ ಎಂಬ ಉಕ್ಕಿನ ಕೊಳವೆ ಇಳಿಸಿ ಸಿಮೆಂಟು ಕಟ್ಟಿದ್ದೂ ಆಗಿದೆ. ಅದನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಕೆಳಗಿನ ತೂತನ್ನು ಸಿಮೆಂಟಿನಿಂದ ಮುಚ್ಚುತ್ತಾರೆ. ಕೇಸಿಂಗ್ ಒಳಗೆ ವಿಪ್‌ಸ್ಟಾಕ್ ಎಂಬ ಉಕ್ಕಿನ ಬೆಣೆ ಇಳಿಸುತ್ತಾರೆ. ಕೊರೆಯುವ ಹಲ್ಲು ಅದರ ಇಳಿಜಾರಿಗೆ ಒರಗಿ ಕೇಸಿಂಗಿನ ಗೋಡೆಯನ್ನೇ ಕೊರೆದು ಕಿಂಡಿ ಮಾಡುತ್ತದೆ. ಕಸುಬಿನವರು ಅದನ್ನು ‘ವಿಂಡೋ’ ಅನ್ನುತ್ತಾರೆ. ಕೇಸಿಂಗ್ ಇಲ್ಲದ ಭಾಗದಲ್ಲಾದರೆ ಗಟ್ಟಿಯಾದ ಸಿಮೆಂಟಿನ ಮೇಲಿಂದಲೇ ಓರೆಗೆ ತಿರುಗಿಸುವುದೂ ಉಂಟು. ತಿರುವು ನಿಧಾನ, ಸಾಮಾನ್ಯವಾಗಿ 30 ಮೀಟರಿಗೆ ಎರಡು ಮೂರು ಡಿಗ್ರಿ. ಓರೆ 30 ಡಿಗ್ರಿಗೆ ಬಂದ ಮೇಲೆ ಇನ್ನೊಂದು ಸಾವಿರ ಮೀಟರ್ ಕೊರೆದರೆ 500 ಮೀಟರ್ ಪಕ್ಕಕ್ಕೆ ಹೋದಂತೆ. ಬಾವಿಯ ಹೆಸರಿನ ಕೊನೆಗೆ ‘ಎಸ್‌ಟಿ-1’ ಎಂದಿದ್ದರೆ ಅದು ಮೊದಲ ಸೈಡ್‌ಟ್ರ್ಯಾಕ್.

ಎಲ್ಲ ಸೈಡ್‌ಟ್ರ್ಯಾಕೂ ಅಳತೆಗಲ್ಲ. ಕೊರೆಯುವ ಕಂಬಿ ಒಳಗೇ ಕಚ್ಚಿಕೊಂಡು ಬರದೇ ಹೋದರೆ ಅದರ ಪಕ್ಕದಿಂದ ಸುತ್ತಿಕೊಂಡು ಹೋಗಲೂ ಹೀಗೇ ಮಾಡುತ್ತಾರೆ. ಅದು ಅವಘಡದ ದಾರಿ; ಅಪ್ರೈಸಲ್‌ನದು ಬಹುಮಟ್ಟಿಗೆ ಮೊದಲೇ ಯೋಚಿಸಿದ್ದು. ಸುದ್ದಿ ಓದುವಾಗ ಎರಡೂ ಕಲಸಿಹೋಗುತ್ತವೆ.

ಕನ್ನಡದಲ್ಲಿ ‘ಕವಲು ಬಾವಿ’ ಎನ್ನೋಣವೆಂದರೆ ನನಗೇ ಅನುಮಾನ. ಕವಲು ಎಂದರೆ ಎರಡು ಕೊಂಬೆಯೂ ಬದುಕಿರಬೇಕು. ಇಲ್ಲಿ ಹಳೆಯ ತಳ ಸಾಮಾನ್ಯವಾಗಿ ಮುಚ್ಚಿಹೋಗಿರುತ್ತದೆ. ತೆರೆದ ಬಾವಿಯೊಳಗೆ ಹೊಡೆಸುವ ಅಡ್ಡ ಬೋರೂ ಇದಲ್ಲ. ಸದ್ಯಕ್ಕೆ ಸೈಡ್‌ಟ್ರ್ಯಾಕೇ ಇರಲಿ.

“ಹಂಗಾರೆ ನಮ್ ಫೇಲಾದ ಬೋರಿಗೂ ಒಂದು ಕಿಂಡಿ ಹೊಡೆಸಬೌದಲ್ಲ?” ಅಂದರು ಮಾವ. ನಮ್ಮ ಜಿಲ್ಲೆಯ ಅಡಿಪಾಯ ಗಟ್ಟಿ ಶಿಲೆ. ಗೊರೂರಿನ ನೈಸ್ (gneiss) ಎಂಬ ಜಾತಿಯ ಕಲ್ಲಿಗಂತೂ ಸುಮಾರು 330 ಕೋಟಿ ವರ್ಷ. ನೀರಿರುವುದು ಬಿರುಕಿನಲ್ಲಿ ಮಾತ್ರ. ಆ ಬೆಣೆ ತರಿಸುವ ದುಡ್ಡಲ್ಲಿ ಪಕ್ಕದಲ್ಲೇ ಹೊಸ ಬೋರು ಹೊಡೆಸಿ ಇನ್ನೂ ಉಳಿಯುತ್ತದೆ ಅಂದೆ. ಮಾವ ಪೇಪರು ಮಡಚಿಟ್ಟು, ಪಾಯಿಂಟ್ ನೋಡುವವನಿಗೆ ಫೋನು ಹಚ್ಚಿದರು.